ಮಾರುವ ಮನೆಗೆ ಸುಣ್ಣವೋ, ಹಂಚೋ?

ಆಲೆಟ್ಟಿ: ಹಳೇ ಹಂಚಿನ ಮನೆ ಮಾರಾಟಕ್ಕಿದೆ ಎಂದು ಬಾಯಿ ಬಿಟ್ಟರೆ ಸಾಕು, ಗಿರಾಕಿಗಿಂತ ಮೊದಲು ಅಂಗಳಕ್ಕೆ ಬರುವವರು ಸಲಹೆಗಾರರು. "ಟೈಲ್ಸ್ ಹಾಕ್ಸಿ, ಪೈಂಟ್ ಹೊಡೆಸಿ, ರೇಟು ತನ್ನಿಂದ ತಾನೇ ಏರ್ತದೆ" ಎನ್ನುತ್ತಾನೆ ಬ್ರೋಕರ್. ಏರುವುದು ರೇಟೋ, ಮಾರುವವನ ಸಾಲವೋ?

ಸುಳ್ಯ ತಾಲೂಕಿನ ಹಲವೆಡೆ ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಡಿದಿದೆ. ಮಕ್ಕಳು ಮಂಗಳೂರು, ಬೆಂಗಳೂರು ಸೇರಿದ ಮನೆಗಳಲ್ಲಿ ಉಳಿದವರು ವಯಸ್ಸಾದವರು. ಅಂಥವರು ಮಾರಲು ಹೊರಟಾಗ ಕೈಯಲ್ಲಿರುವ ನಾಲ್ಕು ಕಾಸನ್ನು ಎಲ್ಲಿ ಸುರಿಯಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಮೊದಲು ಮಾಡು

ಈ ಕಡೆ ಮನೆಯನ್ನು ತಿನ್ನುವುದು ನೀರು ಮತ್ತು ಒರಲೆ. ಒಡೆದ ಹಂಚು, ಲಡ್ಡಾದ ರೀಪು, ಒರಲೆ ಹಿಡಿದ ಪಕ್ಕಾಸು: ಖರ್ಚು ಮಾಡುವುದಾದರೆ ಇಲ್ಲಿ ಮಾಡಬೇಕು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಸುರು ಮಾಡಿದ ಹಂಚಿನ ಗುಣವೇ ಇದು. ಒಡೆದದ್ದೊಂದನ್ನೇ ತೆಗೆದು ಇನ್ನೊಂದನ್ನು ಸಿಕ್ಕಿಸಬಹುದು. ಇಡೀ ಮಾಡು ಬಿಚ್ಚಬೇಕಾಗಿಲ್ಲ.

ಪತ್ತನಾಜೆಗೆ ಮೊದಲು, ಅಂದರೆ ಮೇ ಕೊನೆಯೊಳಗೆ, ಈ ಕೆಲಸ ಮುಗಿಯಬೇಕು. ಆಟಿಯಲ್ಲಿ ಯಾರೂ ಕರಾರು ಬರೆಯಲಿಕ್ಕಿಲ್ಲ. ಆದರೆ ಬುದ್ಧಿವಂತ ಗಿರಾಕಿ ಮನೆ ನೋಡಲು ಬರುವುದು ಆಟಿಯಲ್ಲೇ! ಚಾವಡಿಯಲ್ಲಿ ಬಕೆಟ್ ಇಟ್ಟದ್ದು ಕಂಡರೆ ಅವನು ಕಡಿಮೆ ಮಾಡುವ ಮೊತ್ತ, ಹಂಚಿನ ಖರ್ಚಿಗಿಂತ ಎಷ್ಟೋ ಪಾಲು ಜಾಸ್ತಿ.

ಶಾಕ್ ಹೊಡೆಯುವ ಹಳೇ ವಯರಿಂಗ್, ಕಟ್ಟೆ ಕುಸಿದ ಬಾವಿ ಇವನ್ನೂ ಸರಿ ಮಾಡಿಸಬೇಕು. ಮನೆ ಮಾರುವ ತನಕ ಅಲ್ಲಿ ಇರುವವರೂ ಮನುಷ್ಯರೇ ತಾನೆ?

ಟೈಲ್ಸ್, ಹೊಸ ಅಡುಗೆಮನೆ, ಬಣ್ಣಬಣ್ಣದ ಗೇಟು ಬೇಡವೇ ಬೇಡ. ಕೊಳ್ಳುವವನಿಗೆ ಅವನದೇ ರುಚಿ. ಜಾಗಕ್ಕಾಗಿ ಕೊಳ್ಳುವವನಾದರೆ ಮನೆಯನ್ನೇ ಕೆಡವಿಯಾನು.

ಬಿರುಕಿಗೆ ಬಣ್ಣ ಬಳಿದರೆ?

2022ರ ಜೂನ್ ಕೊನೆಯಲ್ಲಿ ಸುಳ್ಯ ಮತ್ತು ಕೊಡಗಿನ ಗಡಿಭಾಗದಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸಿತ್ತು. ಅದನ್ನು ಕಂಡವರು ಗೋಡೆಯ ಬಿರುಕನ್ನು ಸುಮ್ಮನೆ ಬಿಡುವರೇ? ಬಣ್ಣ ಬಳಿದು ಮುಚ್ಚುವ ಜಾಣತನ ತಿರುಗುಬಾಣವಾದೀತು. ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷ ಮಾರುವವನಿಗೆ ಗೊತ್ತಿದ್ದರೆ, ಬೇರೆ ಕರಾರು ಇಲ್ಲದಿದ್ದಾಗ, ಅವನು ಅದನ್ನು ಹೇಳಲೇಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್. ಮುಚ್ಚಿಟ್ಟರೆ ಅದು ವಂಚನೆ. ಮೇಸ್ತ್ರಿಗೆ ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ರೇಟಿನಲ್ಲಿ ಸ್ವಲ್ಪ ಬಿಟ್ಟುಕೊಡುವುದೇ ಲೇಸು.

ಕಾಗದದ ರಿಪೇರಿ

ಎಲ್ಲಕ್ಕಿಂತ ದೊಡ್ಡ ಸೋರಿಕೆ ಇರುವುದು ಮಾಡಿನಲ್ಲಲ್ಲ, ಪೆಟ್ಟಿಗೆಯಲ್ಲಿ. ತೋಟದೊಳಗಿನ ಮನೆಯಾದರೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆಯೋ? ಕನ್ವರ್ಶನ್ ಆದ ಜಾಗವಾದರೆ ಪಂಚಾಯತಿನ ಇ-ಸ್ವತ್ತು ಆಗಿದೆಯೋ? ತುಂಡು ಮಾಡಿ ಕೊಡುವುದಾದರೆ 11ಇ ನಕ್ಷೆ ಎಲ್ಲಿ? ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬೇಡವೆಂದು ಅಣ್ಣತಮ್ಮಂದಿರು ಈಗಲೂ ಭಾವಿಸಿದ್ದರೆ ಅದು ಭ್ರಮೆ. 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು.

ಕೊಳ್ಳುವವನ ಕಿಸೆಯನ್ನೂ ನೋಡಬೇಕು. ನೋಂದಣಿ ಶುಲ್ಕವನ್ನು ಸರಕಾರ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಿತು. ಸ್ಟಾಂಪ್ ಖರ್ಚು ಬೇರೆ. ಅಷ್ಟು ತೆರುವವನು ಮಾರುವವನ ಟೈಲ್ಸ್‌ನ ಬಿಲ್ಲನ್ನೂ ಕೊಟ್ಟಾನೆಯೇ?

ಹಂಚು ನಾಲ್ಕು ದಿನದ ಕೆಲಸ. ಕಾಗದಕ್ಕೆ ತಿಂಗಳುಗಟ್ಟಲೆ ಬೇಕು. ಆದ್ದರಿಂದ ಮಾರುವ ಯೋಚನೆ ಬಂದ ದಿನ ಪೈಂಟ್ ಅಂಗಡಿಗೆ ಹೋಗುವ ಬದಲು ಸುಳ್ಯದ ತಾಲೂಕು ಕಚೇರಿಯ ಬಸ್ಸು ಹತ್ತುವುದು ಒಳ್ಳೆಯದು.