ದಯವಿಟ್ಟು ಅಲ್ಲಿ ಗಿಡ ನೆಡಬೇಡಿ

ಜೂನ್ 5 ಹತ್ತಿರ ಬಂತು. ಇನ್ನೇನು ಆಫೀಸಿನಲ್ಲಿ ಮೇಲ್ ಬರುತ್ತದೆ: ಹಸಿರು ಟೀ ಶರ್ಟಿನ ಸೈಜ್ ತಿಳಿಸಿ, ಬಸ್ಸು ಬೆಳಿಗ್ಗೆ ಆರಕ್ಕೆ, ತಿಂಡಿ ದಾರಿಯಲ್ಲಿ, ತಲೆಗೆ ಐದು ಗಿಡ. ಈ ಸಲ ನಾನು ಹೋಗೋದಿಲ್ಲ. ಯಾಕೆ ಅಂತ ಹೇಳೋಕೆ ಅಮೆರಿಕದ ಒಂದು ಹಕ್ಕಿ ಟೂರಿನ ಕತೆ ಹೇಳಬೇಕು. ಸ್ವಲ್ಪ ಸುತ್ತುಬಳಸು ದಾರಿ, ಸಹಿಸಿಕೊಳ್ಳಿ.

ಕಳೆದ ವರ್ಷ ಪ್ರಾಜೆಕ್ಟ್ ಮೇಲೆ ಡೆನ್ವರ್‌ನಲ್ಲಿದ್ದೆ. ಮೇ ತಿಂಗಳಲ್ಲಿ ಸಹೋದ್ಯೋಗಿಯೊಬ್ಬ ಎರಡು ದಿನದ ಪಕ್ಷಿವೀಕ್ಷಣೆಗೆ ಎಳೆದುಕೊಂಡು ಹೋದ. ಆಗ್ನೇಯ ಕೊಲರಾಡೋದ ಲಾ ಹುಂಟಾ ಊರು ದಾಟಿ ದಕ್ಷಿಣಕ್ಕೆ ಹೋದರೆ ಮೇಸಾಗಳ ಸೀಮೆ. ಮೇಸಾ ಅಂದರೆ ಸ್ಪ್ಯಾನಿಷ್‌ನಲ್ಲಿ ಮೇಜು. ನೆತ್ತಿ ಚಪ್ಪಟೆಯಾದ ಗುಡ್ಡಗಳು. ಅವುಗಳಲ್ಲಿ ದೊಡ್ಡದಾದ ಮೇಸಾ ಡಿ ಮಾಯಾದ ತಲೆಯ ಮೇಲೆ ಲಾವಾ ಹೆಪ್ಪುಗಟ್ಟಿದ ಕಪ್ಪು ಕಲ್ಲಿನ ಹಾಸಿದೆ. ಸುತ್ತಲಿನ ಮೆತ್ತನೆಯ ಕಲ್ಲು ಸವೆದು ಹೋದರೂ ಈ ಟೋಪಿಯ ಕೆಳಗಿನದು ಉಳಿದುಕೊಂಡಿದೆ. ಗುಡ್ಡದ ಬುಡದಿಂದಾಚೆ ಕಣ್ಣು ಹಾಯುವವರೆಗೂ ಮೊಣಕಾಲುದ್ದವೂ ಇಲ್ಲದ ಒಣಹುಲ್ಲು.

"ಇಲ್ಲೇನೂ ಇಲ್ವಲ್ಲೋ" ಅಂದೆ ಗೆಳೆಯನಿಗೆ. ರಾಣೆಬೆನ್ನೂರು ಕಡೆಯ ಎರೆಹೊಲದಲ್ಲಿ ಹುಟ್ಟಿ ಬೆಳೆದವನ ಬಾಯಲ್ಲಿ ಬಂದ ಮಾತು ಇದು.

ನಮ್ಮ ಗೈಡ್ ಅರವತ್ತು ದಾಟಿದ ಹೆಂಗಸು, ಅಲ್ಲೇ ದನ ಸಾಕುವವರ ಮನೆಯಲ್ಲಿ ಬೆಳೆದವರು. ವ್ಯಾನ್ ನಿಲ್ಲಿಸಿ, ಹತ್ತು ನಿಮಿಷ ಮಾತಾಡದೆ ನಿಲ್ಲಿ ಅಂದರು. ನಿಂತೆವು. ಮೊದಲು ಕಂಡಿದ್ದು ಪ್ರೇರಿ ಡಾಗ್. ಹೆಸರಿಗೆ ನಾಯಿ, ಅಸಲಿಗೆ ಅಳಿಲಿನ ಬಳಗ. ಅದು ತೋಡಿ ಬಿಟ್ಟ ಬಿಲದ ಬಾಯಲ್ಲಿ ಗೇಣುದ್ದದ ಗೂಬೆಯೊಂದು ಹಾಡುಹಗಲೇ ನಿಂತು ನಮ್ಮನ್ನು ದುರುಗುಟ್ಟುತ್ತಿತ್ತು. ಅದು ಮೊಟ್ಟೆ ಇಡೋದೂ ಆ ಬಿಲದೊಳಗೇ. ಆಮೇಲೆ ಲಾರ್ಕ್ ಬಂಟಿಂಗ್, ಕೊಲರಾಡೋದ ರಾಜ್ಯಪಕ್ಷಿ. ಕಪ್ಪು ಮೈ, ಬಿಳಿ ರೆಕ್ಕೆಪಟ್ಟಿ. ಕೂತು ಹಾಡೋಕೆ ಮರ ಎಲ್ಲಿದೆ? ಹಾಡುತ್ತಲೇ ಗಾಳಿಗೆ ಏರುತ್ತದೆ, ಹಾಡುತ್ತಲೇ ಇಳಿಯುತ್ತದೆ. ಗೂಡು ನೆಲದ ಮೇಲೆ. ನಮ್ಮ ಹೊಲದ ನೆಲಗುಬ್ಬಿ ಮಾಡುವುದೂ ಇದನ್ನೇ. ಚಿಕ್ಕಂದಿನಲ್ಲಿ ದಿನಾ ನೋಡಿದ್ದೆ, ನೋಡಿದ್ದೆ ಅನ್ನೋದೇ ಮರೆತಿದ್ದೆ.

ನನ್ನ ತಲೆ ತಿರುಗಿಸಿದ್ದು ಮಾತ್ರ ಹಕ್ಕಿಯಲ್ಲ, ಮರದ ಬೊಡ್ಡೆಗಳು. ಒಂದು ಕಡೆ ಹುಲ್ಲಿನ ನಡುವೆ ಸಾಲುಸಾಲಾಗಿ ಕಡಿದ ಜುನಿಪರ್ ಬೊಡ್ಡೆ. ಯಾವ ಕಳ್ಳರ ಕೆಲಸವೋ ಅಂದುಕೊಂಡೆ. ಗೈಡಮ್ಮ ಹೆಮ್ಮೆಯಿಂದ ಹೇಳಿದರು: ಹಕ್ಕಿಗಳಿಗಾಗಿ ನಾವೇ ಕಡಿದದ್ದು! ಗುಡ್ಡದ ಇಳಿಜಾರಿನಲ್ಲಿ ಜುನಿಪರ್, ಪಿನ್ಯನ್ ಮರ ಇರಲೇಬೇಕು. ಪಿನ್ಯನ್ ಜೇ ಎಂಬ ನೀಲಿ ಹಕ್ಕಿ ಅದರ ಬೀಜ ಹೂತಿಟ್ಟು, ಮರೆತ ಬೀಜದಿಂದ ಹೊಸ ಮರ ಬೆಳೆಸುತ್ತದೆ. ಅದೇ ಜುನಿಪರ್ ಕೆಳಗಿಳಿದು ಹುಲ್ಲಿಗೆ ನುಗ್ಗಿದರೆ ಹದ್ದು ಗಿಡುಗಗಳಿಗೆ ಕೂರಲು ಕೊಂಬೆ ಸಿಗುತ್ತದೆ. ಪ್ರೇರಿ ಕೋಳಿಯಂಥ ನೆಲದ ಹಕ್ಕಿ ಆ ಜಾಗವನ್ನೇ ಬಿಟ್ಟು ಹೋಗುತ್ತದೆ.

ಈ ಬುದ್ಧಿ ಅವರಿಗೇನು ಸುಮ್ಮನೆ ಬಂದದ್ದಲ್ಲ. ಇದೇ ಸೀಮೆಯ ಹುಲ್ಲನ್ನು 'ದಂಡ' ಅಂತ ಉತ್ತು ಗೋಧಿ ಹಾಕಿದರು. 1930ರ ದಶಕದ ಬರದಲ್ಲಿ, ಹಿಡಿದಿಡೋ ಬೇರಿಲ್ಲದ ಮಣ್ಣು ಎದ್ದು ಹಾರಿತು. 1935ರ ಏಪ್ರಿಲ್ 14ರ ಧೂಳಿಗೆ ಹಗಲೇ ಕತ್ತಲಾಗಿ ಆ ದಿನಕ್ಕೆ 'ಕಪ್ಪು ಭಾನುವಾರ' ಅಂತಲೇ ಹೆಸರು ಬಿತ್ತು. ಕೊನೆಗೆ ಸರ್ಕಾರವೇ ಹಾಳಾದ ಹೊಲಗಳನ್ನು ಕೊಂಡು ಮತ್ತೆ ಹುಲ್ಲು ಬಿತ್ತಿತು. 1960ರಲ್ಲಿ ಅವುಗಳಿಗೆ ರಾಷ್ಟ್ರೀಯ ಹುಲ್ಲುಗಾವಲು ಅಂತ ಪಟ್ಟ ಕೊಟ್ಟರು. ನಾನು ನಿಂತಿದ್ದ ಕೊಮಾಂಚಿ ಹುಲ್ಲುಗಾವಲೊಂದೇ 4 ಲಕ್ಷ ಎಕರೆಗಿಂತ ದೊಡ್ಡದು. ಇಷ್ಟಾದರೂ ಅವರೇನು ಗೆದ್ದುಬಿಟ್ಟಿಲ್ಲ. 1970ರಿಂದೀಚೆಗೆ ಉತ್ತರ ಅಮೆರಿಕದ ಹುಲ್ಲುಗಾವಲು ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಹೋಗಿವೆ ಅಂತ 2019ರ ಅಧ್ಯಯನ ಹೇಳುತ್ತದೆ. ಆದರೆ ಹುಲ್ಲಿಗೊಂದು ಮರ್ಯಾದೆಯ ಹೆಸರಾದರೂ ಇದೆ.

ನಮ್ಮಲ್ಲಿ ಏನು ಹೆಸರಿದೆ ಹೇಳಿ? ಪಾಳುಭೂಮಿ. ಬಂಜರು. ಕೇಂದ್ರ ಸರ್ಕಾರ ವೇಸ್ಟ್‌ಲ್ಯಾಂಡ್ ಅಟ್ಲಾಸ್ ಅಂತ ಒಂದು ನಕಾಶೆ ಪುಸ್ತಕವನ್ನೇ ತರುತ್ತದೆ. ಕುರುಚಲು ಕಾವಲೆಲ್ಲ ಅದರಲ್ಲಿ ವೇಸ್ಟ್. ಒಮ್ಮೆ ವೇಸ್ಟ್ ಅಂದಮೇಲೆ ಮುಗೀತು, ಯಾರು ಏನು ಬೇಕಾದರೂ ಮಾಡಬಹುದು. ನಮ್ಮ ರಾಣೆಬೆನ್ನೂರಿನ ಅಭಯಾರಣ್ಯ ಆಗಿದ್ದು 1974ರಲ್ಲಿ, ಕೃಷ್ಣಮೃಗ ಮತ್ತು ಎರೆಭೂತಕ್ಕಾಗಿ. ಎರಡೂ ಬಯಲಿನ ಜೀವಿಗಳೇ. ಅಲ್ಲಿ ಹೋಗಿ ನೋಡಿ, ಎಷ್ಟು ದೂರ ನಡೆದರೂ ನೀಲಗಿರಿ ತೋಪು! ಎರೆಭೂತ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿನೆಲದ ಮೇಲೆ. ದೇಶದಲ್ಲಿ ಉಳಿದಿರೋದು 150ರ ಆಸುಪಾಸು. ನಾನು ಒಂದನ್ನೂ ಕಂಡಿಲ್ಲ.

ಬೇರೆಯವರನ್ನು ಬೈಯೋದು ಸುಲಭ. ನನ್ನ ಕತೆ ಕೇಳಿ. ಐದಾರು ವರ್ಷದ ಹಿಂದೆ ಚಿತ್ರದುರ್ಗ ಕಡೆಯ ಒಂದು ಕಾವಲಿಗೆ ನಾವು ಇನ್ನೂರು ಜನ ಬಸ್ಸಿನಲ್ಲಿ ಹೋಗಿ, ಹುಲ್ಲು ಕೆತ್ತಿ, ಗುಂಡಿಗಳಲ್ಲಿ ಗಿಡ ನೆಟ್ಟು ಬಂದೆವು. ಕಂಬಳಿ ಹೊದ್ದ ಒಬ್ಬ ಅಜ್ಜ ದೂರದಿಂದ ನೋಡುತ್ತಿದ್ದವನು ಹತ್ತಿರ ಬಂದು ಕೇಳಿದ: "ಎಲ್ಲಾ ಕಡೆ ಗಿಡ ಹಾಕ್ಬುಟ್ರೆ ಕುರಿ ಎಲ್ಲಿ ಮೇಯ್ಬೇಕು ಸಾರ್?" ನಾನು, ಹಳ್ಳಿಯವನು, ಅವನಿಗೆ ಮಳೆ, ಪರಿಸರ, ಮುಂದಿನ ಪೀಳಿಗೆ ಅಂತ ಭಾಷಣ ಬಿಗಿದೆ. ಅವನು ತಲೆಯಾಡಿಸಿ ಹೋದ. ಕೊಲರಾಡೋದ ಗೈಡಮ್ಮ ರೊಕ್ಕ ತಗೊಂಡು ಕಲಿಸಿದ ಪಾಠವನ್ನೇ ಆ ಅಜ್ಜ ಪುಕ್ಕಟೆ ಹೇಳಿದ್ದ. ಟೂರಿನ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಯ ದನದ ಮನೆಗಳಿಗೂ ಹೋಗುತ್ತದೆ, ಹಾಗಾಗಿ ಹಕ್ಕಿ ಉಳಿಯೋದರಲ್ಲಿ ಅವರಿಗೂ ಲಾಭ. ನಮ್ಮ ಅಜ್ಜನಿಗೆ ಸಿಕ್ಕಿದ್ದು ತಂತಿಬೇಲಿ.

"ಹಾಗಾದರೆ ಗಿಡವೇ ಬೇಡವಾ ಸ್ವಾಮಿ, ಇಂಗಾಲದ ಕತೆ ಏನು?" ಅಂತೀರಿ. ಹುಲ್ಲೂ ಇಂಗಾಲ ಹಿಡಿಯುತ್ತದೆ. ನೆಲದೊಳಗಿನ ಬೇರಲ್ಲಿ, ಮಣ್ಣಲ್ಲಿ ಹಿಡಿಯೋದರಿಂದ ಫೋಟೋಗೆ ಸಿಗೋದಿಲ್ಲ, ಅಷ್ಟೇ. ಗಿಡ ನೆಡಿ. ಮರ ಕಡಿದ ರಸ್ತೆಯ ಬದಿಗೆ ನೆಡಿ, ಶಾಲೆಯಂಗಳದಲ್ಲಿ, ಹೊಲದ ಬದುವಿನಲ್ಲಿ, ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ ನೆಡಿ. ಕಾವಲಿಗೆ ಬಸ್ಸು ಹೊರಡುವ ಮುಂಚೆ ಮಾತ್ರ ಒಂದು ಪ್ರಶ್ನೆ ಕೇಳಿ: ಇಲ್ಲಿ ಮೊದಲು ಕಾಡಿತ್ತಾ? ಇರಲಿಲ್ಲ ಅಂದರೆ ಕೈ ತೊಳೆದುಕೊಂಡು ವಾಪಸ್ ಬನ್ನಿ.

ಟೂರ್ ಮುಗಿಸಿ ಬಂದ ರಾತ್ರಿ ಊರಿಗೆ ಫೋನ್ ಮಾಡಿದ್ದೆ. ಎಷ್ಟು ಖರ್ಚಾಯಿತು ಅಂತ ಕೇಳಿ ಅಪ್ಪ ನಕ್ಕ. "ಹಕ್ಕಿ ನೋಡಾಕ ಅಷ್ಟು ರೊಕ್ಕ ಕೊಟ್ಟ್ಯಾ? ನಮ್ಮ ಕಡೆ ಪುಕ್ಕಟ ಇದ್ದುವಲ್ಲೋ ತಮ್ಮಾ."

'ಅದಾವ' ಅನ್ನಲಿಲ್ಲ ಅಪ್ಪ. 'ಇದ್ದುವು' ಅಂದ.