ಬಿಟ್ಟ ಮಾತ್ರೆಯ ಲೆಕ್ಕ



ಕಳೆದ ತಿಂಗಳು ಜುಬೈಲ್‌ನಲ್ಲಿರುವ ನನ್ನ ಭಾವ ಫೋನ್ ಮಾಡಿದ್ದರು. ದನಿಯಲ್ಲಿ ಖುಷಿ. "ರಿಪೋರ್ಟ್ ಬಂತು ಮಾರಾಯ, ಎಲ್‌ಡಿಎಲ್ ಬರೀ 4.2. ಊರಲ್ಲಿ ಉಮ್ಮನಿಗೇ 130 ಉಂಟಂತೆ. ನನಗಿನ್ನು ಮಾತ್ರೆ ಯಾಕೆ?"

ಭಾವನಿಗೆ 49 ವರ್ಷ. ಎರಡು ವರ್ಷದ ಹಿಂದೆ ರಜೆಯಲ್ಲಿ ಊರಿಗೆ ಹೋದಾಗ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡವರು. ಆಮೇಲಿನ ಒಂದು ಪರೀಕ್ಷೆಯಲ್ಲಿ ಎಲ್‌ಡಿಎಲ್ 68 ಬಂದಿತ್ತು. "ನಾರ್ಮಲ್ ಆಯ್ತಲ್ಲ" ಎಂದು ಅಟೊರ್ವಾಸ್ಟಾಟಿನ್ ನಿಲ್ಲಿಸಿ ಆಗಲೇ ನಾಲ್ಕು ತಿಂಗಳು. ನಮಗೆ ಯಾರಿಗೂ ಹೇಳಿರಲಿಲ್ಲ.

ನಾನು ಲೆಕ್ಕದವನು, ಡಾಕ್ಟರಲ್ಲ. ಆದರೆ ಇದು ಲೆಕ್ಕದ ತಪ್ಪೇ. ಊರಿನಲ್ಲೂ ಇಲ್ಲಿ ಅಮೆರಿಕದಲ್ಲೂ ಕೊಲೆಸ್ಟ್ರಾಲನ್ನು ಎಂಜಿ/ಡಿಎಲ್ ಎಂದು ಬರೆಯುತ್ತಾರೆ. ಕೊಲ್ಲಿಯ ಅನೇಕ ಲ್ಯಾಬ್‌ಗಳು ಎಂಎಂಒಎಲ್/ಎಲ್ ಎಂದು ಬರೆಯುತ್ತವೆ. ರಿಯಾಲನ್ನು ರೂಪಾಯಿ ಮಾಡುವ ಹಾಗೆ ಇದಕ್ಕೂ ಒಂದು ದರ ಉಂಟು: 38.7ರಿಂದ ಗುಣಿಸಿ. ಭಾವನ 4.2 ಅಂದರೆ ಸುಮಾರು 162. ಉಮ್ಮನಿಗಿಂತ ಜಾಸ್ತಿ.

ರಿಪೋರ್ಟಿನ ಬದಿಯಲ್ಲಿ ಅಚ್ಚಾಗಿರುವ "ನಾರ್ಮಲ್" ಎಲ್ಲರಿಗೂ ಒಂದೇ ಅಲ್ಲ. ಆರೋಗ್ಯವಂತರಿಗೆ 100ರ ಆಸುಪಾಸು ಸಾಕು. ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಇರುವವರಿಗೆ 70ಕ್ಕಿಂತ, ಅಂದರೆ 1.8ಕ್ಕಿಂತ ಕೆಳಗೆ ಇರಬೇಕು. ಯುರೋಪಿನ ವೈದ್ಯರು 2019ರಲ್ಲಿ ಇನ್ನೂ ಇಳಿಸಿ 55 ಎಂದರು. ಸಕ್ಕರೆ ಕಾಯಿಲೆ ಇದ್ದು 40 ದಾಟಿದವರಿಗೆ ಹೃದಯದ ತೊಂದರೆ ಕಾಣಿಸದಿದ್ದರೂ ಸಾಮಾನ್ಯವಾಗಿ ಸ್ಟಾಟಿನ್ ಕೊಡುತ್ತಾರೆ. ಭಾವನಿಗೆ 68 ಬಂದದ್ದು ಮಾತ್ರೆಯಿಂದ. ಸಾಲದ ಕಂತು ಕಟ್ಟುವಷ್ಟು ದಿನ ಬ್ಯಾಂಕಿನವರು ಸುಮ್ಮನಿರುತ್ತಾರೆ, ಅಷ್ಟೇ.

ನಮ್ಮವರು ಇದನ್ನು ಇನ್ನೂ ಗಂಭೀರವಾಗಿ ನೋಡಬೇಕಾದ ಕಾರಣ ಉಂಟು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಕಲಿತ ಡಾ. ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ಇಂಟರ್‌ಹಾರ್ಟ್ ಅಧ್ಯಯನ ನಡೆದು 2004ರಲ್ಲಿ ಪ್ರಕಟವಾಯಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಉಳಿದವರಿಗಿಂತ ಹಲವು ವರ್ಷ ಮೊದಲೇ ಬರುತ್ತದೆ ಎಂದು ಅದು ತೋರಿಸಿತು. ಎಲ್ಲ ಕಡೆಯೂ ದೊಡ್ಡ ಕಾರಣ ಎರಡು, ಸಿಗರೇಟು ಮತ್ತು ರಕ್ತದ ಕೊಬ್ಬು. ಇಲ್ಲಿ ಚಿಕಾಗೋದಲ್ಲೂ ಸ್ಯಾನ್‌ಫ್ರಾನ್ಸಿಸ್ಕೋ ಕಡೆಯಲ್ಲೂ 2010ರಿಂದ ನಮ್ಮವರ ಮೇಲೆಯೇ ಒಂದು ಅಧ್ಯಯನ ನಡೆದಿದೆ, ಹೆಸರು 'ಮಸಾಲಾ' (ಹೆಸರಿಟ್ಟವರಿಗೆ ಹಸಿವಾಗಿರಬೇಕು). 2018ರ ಅಮೆರಿಕದ ವೈದ್ಯಕೀಯ ಮಾರ್ಗಸೂಚಿ ದಕ್ಷಿಣ ಏಷ್ಯಾದ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಒಂದಾಗಿ ಸೇರಿಸಿತು.

ಭಾವ ಬಿಟ್ಟ ಮಾತ್ರೆ ಹುಟ್ಟಿದ್ದು ನನ್ನ ಮನೆಯ ಪಕ್ಕ ಎನ್ನಬಹುದು. ಪ್ಲಿಮತ್‌ನಿಂದ ಎಂ-14 ಹೆದ್ದಾರಿ ಹಿಡಿದರೆ ಅರ್ಧ ಗಂಟೆಯೊಳಗೆ ಆನ್ ಆರ್ಬರ್. ಅಲ್ಲಿನ ಪಾರ್ಕ್-ಡೇವಿಸ್ ಲ್ಯಾಬಿನಲ್ಲಿ 1985ರಲ್ಲಿ ಬ್ರೂಸ್ ರಾಥ್ ಅಟೊರ್ವಾಸ್ಟಾಟಿನ್ ತಯಾರಿಸಿದರು. ಲಿಪಿಟಾರ್ ಎಂಬ ಹೆಸರಿನಲ್ಲಿ ಅದು ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಔಷಧಿಗಳಲ್ಲಿ ಒಂದಾಯಿತು. 2011ರಲ್ಲಿ ಇಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆ ಬಹಳ ಇಳಿಯಿತು. ಊರಿನ ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಹಾಗಾಗಿ ದುಡ್ಡಿನ ನೆಪ ನಡೆಯುವುದಿಲ್ಲ.

ಬೇರೆ ನೆಪಗಳಿವೆ. "ಲಿವರ್ ಹಾಳಾಗ್ತದೆ." ಅಂಥ ಗಂಭೀರ ಹಾನಿ ತೀರಾ ಅಪರೂಪ. "ಕೈಕಾಲು ನೋವು." ಕೆಲವರಿಗೆ ನಿಜವಾಗಿಯೂ ಬರುತ್ತದೆ. ಡಾಕ್ಟರಿಗೆ ಹೇಳಿದರೆ ಡೋಸ್ ಇಳಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆ ಕೊಡುತ್ತಾರೆ. ಮೂತ್ರ ಕಡು ಕಂದು ಬಣ್ಣವಾದರೆ ಮಾತ್ರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. "ಉಪವಾಸದಲ್ಲಿ ಹೇಗೆ?" ಅಟೊರ್ವಾಸ್ಟಾಟಿನ್ ದಿನದ ಯಾವ ಹೊತ್ತಿಗಾದರೂ ಆಗುತ್ತದೆ, ಇಫ್ತಾರ್ ನಂತರ ತೆಗೆದುಕೊಳ್ಳಿ. "ನೈ ರೊಟ್ಟಿ, ಬೀಫ್ ಬಿಟ್ಟಿದ್ದೇನಲ್ಲ." ಒಳ್ಳೆಯದೇ. ಆದರೆ ಮೈಯ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲನ್ನು ಲಿವರೇ ತಯಾರಿಸುತ್ತದೆ. ಸ್ಟೆಂಟ್ ಹಾಕಿದವರಿಗೆ ಪಥ್ಯ ಒಂದೇ ಸಾಲದು.

ಫೋನಿನಲ್ಲಿ ಗುಣಿಸಿ ತೋರಿಸಿದ ಮೇಲೆ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುದಿನ ಕಂಪೆನಿ ಕ್ಲಿನಿಕ್ಕಿಗೆ ಹೋಗಿ ಮಾತ್ರೆ ಮತ್ತೆ ಶುರು ಮಾಡಿದರು. ಎಂಟು ವಾರ ಬಿಟ್ಟು ಇನ್ನೊಮ್ಮೆ ರಕ್ತ ಪರೀಕ್ಷೆ. ಸಾಕಾಗದಿದ್ದರೆ ಎಜೆಟಿಮೈಬ್ ಎಂಬ ಎರಡನೆಯ ಮಾತ್ರೆ ಸೇರಿಸುವುದಾಗಿ ಡಾಕ್ಟರು ಹೇಳಿದ್ದಾರೆ.

ಊರಿನಲ್ಲಿ ಇದನ್ನು ಓದುತ್ತಿರುವ ತಂಗಿಯಂದಿರೇ, ಶುಕ್ರವಾರ ಫೋನ್ ಬಂದಾಗ ಊಟ ಆಯ್ತಾ ಎಂದು ಕೇಳಿದ ಮೇಲೆ ಮಾತ್ರೆಯ ಸ್ಟ್ರಿಪ್ಪಿನ ಫೋಟೋ ಒಂದು ಕಳಿಸಲು ಹೇಳಿ. ನನ್ನ ಅಕ್ಕ ಈಗ ಹಾಗೇ ಮಾಡುತ್ತಿದ್ದಾಳೆ. ಭಾವನಿಗೆ ಸಿಟ್ಟು ಬರುತ್ತದೆ, ಆದರೂ ಫೋಟೋ ಬರುತ್ತದೆ.