ಮನೆಯಲ್ಲೇ ಹಲ್ಲು ಬಿಳುಪು: ಅಪಾಯ ಇರುವುದೆಲ್ಲಿ?

ಮದುವೆ ಗೊತ್ತಾದವರು, ಇಂಟರ್‌ವ್ಯೂಗೆ ಹೊರಟವರು, ಸಿಗರೇಟು ಬಿಟ್ಟು ಕನ್ನಡಿ ನೋಡಿಕೊಂಡವರು ದಂತವೈದ್ಯರ ಮುಂದೆ ಕೂತು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಮನೇಲೇ ಹಲ್ಲು ಬೆಳ್ಳಗೆ ಮಾಡ್ಕೋಬಹುದಾ? ಏನೂ ತೊಂದರೆ ಆಗಲ್ವಾ?" ಹಲ್ಲಿಗೆ ಏನು ಹಚ್ಚುತ್ತೀರಿ, ಹಲ್ಲು ಯಾವ ಕಾರಣಕ್ಕೆ ಹಳದಿಯಾಗಿದೆ, ಇವೆರಡೂ ಗೊತ್ತಾಗದೆ ಇದಕ್ಕೆ ಉತ್ತರ ಹೇಳಲಾಗದು. ಆದರೆ ನಮ್ಮಲ್ಲಿ ಬಹಳ ಮಂದಿ ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ಅಡುಗೆಮನೆಯ ಸಾಮಾನಾದರೆ ನಿರಪಾಯ, 'ಕೆಮಿಕಲ್' ಆದರೆ ಅಪಾಯ ಎಂಬುದು ಅವರ ಲೆಕ್ಕ. ಹಲ್ಲಿನ ವಿಷಯದಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ತಲೆಕೆಳಗು.

ಹಲ್ಲಿನ ಸಹಜ ಬಣ್ಣ ಹಾಲುಬಿಳುಪಲ್ಲ. ಹೊರಗಿನ ಎನಾಮೆಲ್ ಪದರ ಅರೆಪಾರದರ್ಶಕ. ಅದರ ಒಳಗಿರುವ ಡೆಂಟೀನ್ ಎಂಬ ಪದರವೇ ತುಸು ಹಳದಿ. ತೆಳು ಪಂಚೆಯೊಳಗಿಂದ ಬಣ್ಣದ ಬಟ್ಟೆ ಇಣುಕುವಂತೆ ಈ ಹಳದಿ ಹೊರಗೆ ಕಾಣುತ್ತದೆ. ಕೋರೆಹಲ್ಲು ಮುಂದಿನ ಹಲ್ಲುಗಳಿಗಿಂತ ಹಳದಿಯಾಗಿರುವುದು, ವಯಸ್ಸಾದಂತೆ ಎಲ್ಲ ಹಲ್ಲೂ ಮಂಕಾಗುವುದು ರೋಗವಲ್ಲ. ಎನಾಮೆಲ್ ಎಷ್ಟು ದಪ್ಪ? ಅಗಿಯುವ ಹಲ್ಲಿನ ತುದಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್. ವಸಡಿನ ಹತ್ತಿರ ಬರುವಷ್ಟರಲ್ಲಿ ತೀರಾ ತೆಳು. ದೇಹದಲ್ಲೇ ಅತಿ ಗಟ್ಟಿಯಾದ ವಸ್ತು ಇದು. ಆದರೆ ಇದನ್ನು ಕಟ್ಟುವ ಜೀವಕೋಶಗಳು ಹಲ್ಲು ಬಾಯಿಗೆ ಮೂಡುವ ಹೊತ್ತಿಗೇ ಇಲ್ಲವಾಗಿರುತ್ತವೆ. ಮುರಿದ ಮೂಳೆ ಕೂಡುತ್ತದೆ, ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದು ತೆಳುವಾದಷ್ಟೂ ಒಳಗಿನ ಹಳದಿ ಇನ್ನಷ್ಟು ಎದ್ದು ಕಾಣುತ್ತದೆ. ಅಂದರೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಲು ಹೊರಟವರ ಹಲ್ಲು ಕೊನೆಗೆ ಮೊದಲಿಗಿಂತ ಹಳದಿಯಾಗುತ್ತದೆ.

ಈಗ ಫೋನಿನಲ್ಲಿ ಓಡಾಡುವ ಲಿಂಬೆರಸ-ಸೋಡಾಪುಡಿಯ ವಿಡಿಯೋಗಳಿಗೆ ಬರೋಣ. ಬಾಯಿಯೊಳಗಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಲಿಂಬೆರಸದ ಪಿಎಚ್ 2ರ ಆಸುಪಾಸು. ಊಟದ ಜೊತೆ ತಿಂದ ಹುಳಿಯನ್ನು ಜೊಲ್ಲು ತೊಳೆದು, ಮೆತ್ತಗಾದ ಮೇಲ್ಮೈಗೆ ಖನಿಜ ತುಂಬಿ ಸುಧಾರಿಸುತ್ತದೆ. ರಸವನ್ನು ಹಲ್ಲಿಗೇ ಹಚ್ಚಿ, ಮೇಲಿಂದ ಬ್ರಷ್‌ನಲ್ಲಿ ತಿಕ್ಕಿದರೆ ಜೊಲ್ಲಿಗೆ ಆ ಅವಕಾಶವೇ ಸಿಗದು. ಮೆತ್ತಗಾದ ಪದರ ಬ್ರಷ್‌ನ ಜೊತೆಗೇ ಹೋಗುತ್ತದೆ. ಹಾಗಾದರೆ ಸೋಡಾಪುಡಿ? ಅದೊಂದನ್ನೇ ತೆಗೆದುಕೊಂಡರೆ ಸಾಧು ಪದಾರ್ಥ, ಉಜ್ಜುವ ಒರಟುತನವೂ ಕಡಿಮೆ, ಎಷ್ಟೋ ಟೂತ್‌ಪೇಸ್ಟ್‌ಗಳಲ್ಲಿ ಅದಿದೆ. ಲಿಂಬೆಗೆ ಬೆರೆಸಿದಾಗ ಬರುವ ನೊರೆಯೇ ಜನರನ್ನು ಮರುಳು ಮಾಡುವುದು. ಆ ನೊರೆ ಆಮ್ಲವೂ ಕ್ಷಾರವೂ ಒಂದನ್ನೊಂದು ಶಮನ ಮಾಡುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್, ಅಷ್ಟೇ. ಅದಕ್ಕೆ ಹಲ್ಲು ಬಿಳುಪು ಮಾಡುವ ಗುಣವಿಲ್ಲ. ಅಂದಾಜಿನ ಮೇಲೆ ಬೆರೆಸಿದ್ದರಲ್ಲಿ ಹುಳಿ ಹೆಚ್ಚಾಗಿದ್ದರೆ ಉಳಿದ ಆಮ್ಲ ಹಲ್ಲನ್ನು ತಿನ್ನುತ್ತದೆ. ಮೊದಲ ದಿನ ಹಲ್ಲು ಬೆಳ್ಳಗೆ ಕಂಡದ್ದು ಸುಳ್ಳಲ್ಲ: ಮೇಲಿನ ಕಲೆ ತನ್ನ ಅಡಿಯ ತೆಳು ಪದರವನ್ನೂ ಕರೆದುಕೊಂಡು ಹೋಗಿರುತ್ತದೆ, ಕೊರೆದ ಮೇಲ್ಮೈ ಸುಣ್ಣ ಬಳಿದಂತೆ ಮಂಕು ಬಿಳಿಯಾಗಿ ತೋರುತ್ತದೆ. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುವ ಕಷ್ಟ ನಿಧಾನವಾಗಿ ಬರುವುದರಿಂದ ವಿಡಿಯೋ ಮಾಡಿದವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಇದ್ದಿಲು, ಬೂದಿ, ಉಪ್ಪು, ಇಟ್ಟಿಗೆ ಪುಡಿಗಳ ಕಥೆ ಬೇರೆ. ಇಲ್ಲಿ ಕರಗುವ ಮಾತಿಲ್ಲ, ಉಜ್ಜಿ ಸವೆಸುವುದೇ ಕೆಲಸ. "ನಮ್ಮಜ್ಜಿ ಜೀವನವಿಡೀ ಇದ್ದಿಲಲ್ಲೇ ಹಲ್ಲುಜ್ಜಿದರು, ಕೊನೇತನಕ ಚಕ್ಕುಲಿ ಕಡೀತಿದ್ದರು" ಎಂದು ಹೇಳದ ಮನೆ ಇಲ್ಲ. ಅಜ್ಜಿಯ ದಿನಗಳಲ್ಲಿ ಬಿಸ್ಕೆಟ್, ಕೂಲ್‌ಡ್ರಿಂಕ್ಸ್ ಇಷ್ಟಿರಲಿಲ್ಲ, ಹುಳುಕು ಕಡಿಮೆಯಿತ್ತು. ಅದರ ಶ್ರೇಯಸ್ಸನ್ನು ಇದ್ದಿಲು ಹೊಡೆದುಕೊಂಡಿತು. ಹಾಗೆ ಉಜ್ಜಿದವರ ಹಲ್ಲಿನ ಬುಡದಲ್ಲಿ, ವಸಡಿನ ಅಂಚಿಗೆ, ಕಚ್ಚು ಹಾಕಿದಂಥ ತೋಡುಗಳು ಬಿದ್ದಿರುವುದನ್ನು ದಂತವೈದ್ಯರು ನೋಡುತ್ತಲೇ ಇರುತ್ತಾರೆ. ಅದೇ ಇದ್ದಿಲು ಈಗ 'ಆಕ್ಟಿವೇಟೆಡ್ ಚಾರ್ಕೋಲ್' ಎಂಬ ಹೆಸರಿನಲ್ಲಿ ಕಪ್ಪು ಟ್ಯೂಬಿನೊಳಗೆ ಕೂತು ದುಬಾರಿಯಾಗಿದೆ. ಇಂಥ ಉತ್ಪನ್ನಗಳ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ವಿಮರ್ಶೆಯೊಂದು 2017ರಲ್ಲಿ ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ ಬಂತು. ಇವು ಸುರಕ್ಷಿತ ಎನ್ನುವುದಕ್ಕಾಗಲಿ, ಪರಿಣಾಮಕಾರಿ ಎನ್ನುವುದಕ್ಕಾಗಲಿ ಸಾಕಷ್ಟು ಪುರಾವೆ ಇಲ್ಲ ಎಂಬುದೇ ಅದರ ತೀರ್ಮಾನ. ಫ್ಲೋರೈಡ್ ಇಲ್ಲದ ಚಾರ್ಕೋಲ್ ಪೇಸ್ಟ್‌ಗಳೂ ಮಾರುಕಟ್ಟೆಯಲ್ಲಿವೆ. ಅವನ್ನೇ ದಿನವೂ ಬಳಸುವವರು ಹುಳುಕಿನಿಂದ ಸಿಗುವ ರಕ್ಷಣೆಯನ್ನೂ ಕಳೆದುಕೊಳ್ಳುತ್ತಾರೆ.

ಇನ್ನು 'ಕೆಮಿಕಲ್'. ಹಲ್ಲಿನ ಬಣ್ಣವನ್ನು ಒಳಗಿನಿಂದ ಬದಲಿಸಬಲ್ಲದ್ದು ಪೆರಾಕ್ಸೈಡ್. ಇದು ಹಲ್ಲನ್ನು ಕೆರೆಯುವುದಿಲ್ಲ. ಎನಾಮೆಲ್ ದಾಟಿ ಡೆಂಟೀನಿಗೆ ಇಳಿದು ಬಣ್ಣದ ಅಣುಗಳನ್ನು ಒಡೆಯುತ್ತದೆ. ಇದು ಮನೆಮದ್ದಿನಂತೆ ಬಳಕೆಗೆ ಬಂದದ್ದು ಆಕಸ್ಮಿಕ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಕನ್ಸಾದ ಬಿಲ್ ಕ್ಲುಸ್‌ಮಿಯರ್ ಎಂಬ ದಂತವೈದ್ಯ, ವಸಡಿನ ಗಾಯ ಮಾಯಲೆಂದು ರೋಗಿಗಳಿಗೆ ರಾತ್ರಿ ಹೊತ್ತು ಹಲ್ಲಿಗೆ ತೊಡುವ ಟ್ರೇಯಲ್ಲಿ ಹಾಕಿಕೊಳ್ಳಲು ಕಾರ್ಬಮೈಡ್ ಪೆರಾಕ್ಸೈಡ್ ಇರುವ ನಂಜುನಿರೋಧಕವನ್ನು ಕೊಟ್ಟಿದ್ದರು. ವಸಡು ಮಾಯುವುದರ ಜೊತೆಗೆ ಹಲ್ಲೂ ಬೆಳ್ಳಗಾಯಿತು. 1989ರಲ್ಲಿ ಹೇವುಡ್ ಮತ್ತು ಹೈಮನ್ ಎಂಬ ಇಬ್ಬರು ಈ ವಿಧಾನವನ್ನು ಪ್ರಬಂಧವಾಗಿ ಪ್ರಕಟಿಸಿದ ಮೇಲೆ ಅದು ಪ್ರಪಂಚಕ್ಕೆಲ್ಲ ಗೊತ್ತಾಯಿತು. ಇವತ್ತಿಗೂ ದಂತವೈದ್ಯರು ಮನೆಗೆ ಕೊಟ್ಟು ಕಳಿಸುವುದು ಬಹುಮಟ್ಟಿಗೆ ಶೇ. 10ರ ಅದೇ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್. ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಅಂಶ ಸುಮಾರು ಶೇ. 3.5 ಮಾತ್ರ.

ಇದಕ್ಕೆ ಅಡ್ಡಪರಿಣಾಮ ಇಲ್ಲವೆಂದಲ್ಲ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಪೆರಾಕ್ಸೈಡ್ ಹಲ್ಲಿನ ನರದವರೆಗೆ ತಲುಪುತ್ತದೆ, ಆದ್ದರಿಂದಲೇ ಹಲ್ಲು ಜುಮ್ಮೆನ್ನುವುದು. ವಸಡಿಗೆ ತಾಗಿದರೆ ಅಲ್ಲಿ ಬೆಳ್ಳಗಾಗಿ ಉರಿಯುತ್ತದೆ. ಎರಡೂ ಸಾಮಾನ್ಯವಾಗಿ ಚಿಕಿತ್ಸೆ ನಿಲ್ಲಿಸಿದ ಕೆಲವು ದಿನಗಳಲ್ಲಿ ಇಳಿಯುತ್ತವೆ. ದಿನ ಬಿಟ್ಟು ದಿನ ಹಚ್ಚುವುದು, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸುವುದು ಸಹಾಯ ಮಾಡುತ್ತದೆ. ಹುಳುಕು ಹಲ್ಲಿಗೆ, ಬಿರುಕು ಬಿಟ್ಟ ಹಲ್ಲಿಗೆ, ರಕ್ತ ಬರುವ ವಸಡಿಗೆ ಇದೇ ಜೆಲ್ ತಾಗಿದರೆ ಮಾತ್ರ ನೋವು ಬೇರೆಯದೇ ಮಟ್ಟದ್ದು. ಬಾಯಿ ಪರೀಕ್ಷೆ ಮೊದಲು ಆಗಬೇಕು ಎನ್ನುವುದು ಈ ಕಾರಣಕ್ಕೆ.

ಪೆರಾಕ್ಸೈಡ್ ನಿರಪಾಯ ಎಂದಾಗ ನಾವು ಹೇಳುತ್ತಿರುವುದು ಪ್ರಮಾಣ ಗೊತ್ತಿರುವ, ಅಳತೆಗೆ ಮಾಡಿಸಿದ ಟ್ರೇಯಲ್ಲಿ ಹಾಕಿದ ಜೆಲ್‌ನ ಮಾತು. ಯುರೋಪಿಯನ್ ಒಕ್ಕೂಟ 2012ರಿಂದ ಜಾರಿಗೆ ತಂದ ನಿಯಮ ನೋಡಿ: ಶೇ. 0.1ರವರೆಗೆ ಹೈಡ್ರೋಜನ್ ಪೆರಾಕ್ಸೈಡ್ ಇರುವುದನ್ನು ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಮಾರಬಹುದು. ಅದಕ್ಕಿಂತ ಮೇಲೆ ಶೇ. 6ರವರೆಗಿನದು ದಂತವೈದ್ಯರ ಮೂಲಕವೇ ಸಿಗಬೇಕು, ಮೊದಲ ಬಳಕೆ ಅವರ ಕಣ್ಣೆದುರೇ ಆಗಬೇಕು, 18 ತುಂಬದವರಿಗೆ ಕೊಡಕೂಡದು. ನಮ್ಮಲ್ಲಿ ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಕೆಲವು ಪೊಟ್ಟಣಗಳ ಮೇಲೆ ಪೆರಾಕ್ಸೈಡ್ ಶೇಕಡಾ ಎಷ್ಟೆಂದು ಹುಡುಕಿದರೂ ಸಿಗುವುದಿಲ್ಲ. ಅಂಥದ್ದನ್ನು ಮುಟ್ಟಬೇಡಿ. ಬಿಸಿನೀರಲ್ಲಿ ಅದ್ದಿ ಕಚ್ಚಿಕೊಳ್ಳುವ ಟ್ರೇಗಳು ಸರಿಯಾಗಿ ಕೂರದೆ ಜೆಲ್ ವಸಡಿನ ಮೇಲೆ, ಗಂಟಲಿಗೆ ಸೋರುತ್ತದೆ. ಗಾಯ ತೊಳೆಯಲು ಮೆಡಿಕಲ್ ಶಾಪಿನಿಂದ ತಂದ ಪೆರಾಕ್ಸೈಡ್ ಬಾಟಲಿಯನ್ನು ಬ್ರಷ್‌ಗೆ ಸುರಿದುಕೊಳ್ಳುವವರೂ ಇದ್ದಾರೆ. ನೀರಿನಂಥ ಆ ದ್ರವ ಹಲ್ಲಿನ ಮೇಲೆ ನಿಲ್ಲದೆ ಬಾಯಿಯೆಲ್ಲ ಹರಡಿ ಸುಡುತ್ತದೆ. ಕಿಟ್‌ನ ಜೊತೆ ಬರುವ ನೀಲಿ ದೀಪದಿಂದ ಸಿಗುವ ಹೆಚ್ಚಿನ ಲಾಭ ಅತ್ಯಲ್ಪ. ನೇರಳೆ ಬಣ್ಣದ ಪೇಸ್ಟ್ ಹಳದಿಯನ್ನು ಕಣ್ಣಿಗೆ ಮರೆಮಾಡುತ್ತದೆ, ಬಾಯಿ ಮುಕ್ಕಳಿಸಿ ತಿಂಡಿ ತಿನ್ನುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ.

ಹಲ್ಲು ಏಕೆ ಹಳದಿಯಾಯಿತು ಎಂಬ ಪ್ರಶ್ನೆ ಉಳಿಯಿತು. ಕಾಫಿ, ಟೀ, ಎಲೆಯಡಿಕೆ, ಸಿಗರೇಟಿನ ಕಲೆ ಹಾಗೂ ಗಟ್ಟಿಯಾದ ಪಾಚಿಯಾದರೆ ಬಿಳುಪಿನ ಜೆಲ್ಲೇ ಬೇಡ, ಕ್ಲೀನಿಂಗ್ ಸಾಕು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಹಳ್ಳಿ-ಪಟ್ಟಣ ಎನ್ನದೆ ಎಲ್ಲ ಕಡೆ ಇದೆ. ಸಡಿಲವಾಗುವುದು ಪಾಚಿ ವಸಡನ್ನು ತಿಂದದ್ದರಿಂದ. ಅದನ್ನು ತೆಗೆದಾಗ ಅಲ್ಲಿವರೆಗೆ ಮುಚ್ಚಿದ್ದ ಸಂದು ಗೊತ್ತಾಗುತ್ತದೆ, ಅಷ್ಟೇ. ಒಂದೇ ಒಂದು ಹಲ್ಲು ಕಪ್ಪಗಾಗಿದ್ದರೆ ಹಿಂದೆಂದೋ ಬಿದ್ದ ಪೆಟ್ಟಿಗೆ ಅದರ ನರ ಸತ್ತಿರಬಹುದು. ಅದಕ್ಕೆ ಎಕ್ಸ್‌ರೇ ಬೇಕು, ಬಹುಶಃ ರೂಟ್ ಕೆನಾಲ್ ಬೇಕು. ಕ್ಯಾಪ್, ಫಿಲ್ಲಿಂಗ್‌ಗಳು ಯಾವ ಜೆಲ್‌ಗೂ ಬಿಳುಪಾಗುವುದಿಲ್ಲ. ಮಗುವಾಗಿದ್ದಾಗ ಟೆಟ್ರಾಸೈಕ್ಲಿನ್ ಮಾತ್ರೆ ತಿಂದು ಬೂದುಬಣ್ಣಕ್ಕೆ ತಿರುಗಿದ ಹಲ್ಲು ತಿಂಗಳುಗಟ್ಟಲೆ ಚಿಕಿತ್ಸೆ ಬೇಡುತ್ತದೆ.

ಕರ್ನಾಟಕದಲ್ಲಿ ವಿಶೇಷವಾಗಿ ಹೇಳಬೇಕಾದದ್ದು ಫ್ಲೋರೋಸಿಸ್ ಬಗ್ಗೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರೇ ಹಲ್ಲಿನ ಬಣ್ಣ ಕೆಡಿಸಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನದಂಡ. ಎನಾಮೆಲ್ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅದಕ್ಕಿಂತ ಹೆಚ್ಚು ಫ್ಲೋರೈಡಿನ ನೀರು ಕುಡಿದು ಬೆಳೆದ ಮಗುವಿನ ಹಲ್ಲಿನಲ್ಲಿ ಬಿಳಿ ಮಚ್ಚೆ, ಕಂದು ಪಟ್ಟೆ ಮೂಡಬಹುದು. ಇದು ಕೊಳೆಯಲ್ಲ, ಎಷ್ಟು ತಿಕ್ಕಿದರೂ ಹೋಗದು. ಆದರೂ ಹುಡುಗಿ ನೋಡಲು ಬಂದವರ ಎದುರು ಬಾಯಿ ಮುಚ್ಚಿಕೊಂಡು ನಗಬೇಕಾದ ಹೆಣ್ಣುಮಕ್ಕಳು ಇದ್ದಿಲು, ಬೂದಿ, ಕೊನೆಗೆ ಟಾಯ್ಲೆಟ್ ತೊಳೆಯುವ ಆಸಿಡ್‌ವರೆಗೂ ಯೋಚಿಸುತ್ತಾರೆ. ದಯವಿಟ್ಟು ಬೇಡ. ಕಂದು ಕಲೆ ಜೆಲ್‌ನಿಂದ ಎಷ್ಟೋ ತಿಳಿಯಾಗುತ್ತದೆ, ಬಿಳಿ ಮಚ್ಚೆಗಳು ಮೊದಲಿಗೆ ಇನ್ನಷ್ಟು ಎದ್ದು ಕಾಣಲೂಬಹುದು. ಮೇಲ್ಪದರವನ್ನು ಕೂದಲೆಳೆಯಷ್ಟು ತೆಗೆದು ಕಲೆ ಅಳಿಸುವ, ಮಚ್ಚೆಯೊಳಗೆ ರೆಸಿನ್ ತುಂಬುವ ಚಿಕಿತ್ಸೆಗಳಿವೆ. ಇದು ಕ್ಲಿನಿಕ್‌ನ ಕೆಲಸ, ಮನೆಯದ್ದಲ್ಲ.

ಎಲೆಯಡಿಕೆ, ಗುಟ್ಕಾದವರಿಗೆ ಬಣ್ಣ ಎರಡನೆಯ ಮಾತು. ತಂಬಾಕಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಮಲೆನಾಡಿನ ಓದುಗರಿಗೆ ಇದು ಹಿತವಾದ ಮಾತಲ್ಲ ಎಂದು ಗೊತ್ತು. ಕೆನ್ನೆಯೊಳಗೆ ಬಿಳಿ ಪದರ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಇದ್ದರೆ ಬಿಳುಪಿನ ಯೋಚನೆ ಬಿಟ್ಟು ಮೊದಲು ಬಾಯಿ ತೋರಿಸಿ.

ಮದುವೆಯ ದಿನ ಗೊತ್ತಾಗಿದ್ದರೆ ಎರಡು ತಿಂಗಳು ಮುಂಚೆ ಶುರು ಮಾಡಿ. ಮೊದಲು ಪರೀಕ್ಷೆ, ಕ್ಲೀನಿಂಗ್. ಅಷ್ಟರಿಂದಲೇ ಸಮಾಧಾನವಾದರೆ ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ವೈದ್ಯರು ಮಾಡಿಕೊಟ್ಟ ಟ್ರೇಯಲ್ಲಿ ಎರಡರಿಂದ ನಾಲ್ಕು ವಾರ ಜೆಲ್ ಹಾಕಿಕೊಳ್ಳಿ. ಮುಂದಿನ ಹಲ್ಲಿಗೆ ಫಿಲ್ಲಿಂಗ್ ಅಥವಾ ಕ್ಯಾಪ್ ಆಗಬೇಕಿದ್ದರೆ ಬಿಳುಪಿನ ಚಿಕಿತ್ಸೆ ಮುಗಿದು ಎರಡು ವಾರ ಕಳೆದ ಮೇಲೆ, ಹೊಸ ಬಣ್ಣಕ್ಕೆ ಹೊಂದಿಸಿ ಮಾಡಿಸಿಕೊಳ್ಳಿ. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು ಸದ್ಯಕ್ಕೆ ಮುಂದೂಡುವುದು ಒಳ್ಳೆಯದು.